ಮಾತ್ರೆ ತಪ್ಪಿಸಬೇಡ ಅಂತ ದುಡ್ಡು ಕೊಡಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ ಎಚ್‌ಐವಿ ಇದೆ. ಕೆಲಸ ಬೆಂಗಳೂರಿನ ಹೋಟೆಲ್‌ನಲ್ಲಿ, ಮಾತ್ರೆಗೆ ಮಾತ್ರ ಕೊಪ್ಪಳಕ್ಕೇ ಬರುತ್ತಾನೆ. ಎರಡು ತಿಂಗಳಿಂದ ಬಂದಿಲ್ಲ. ಬೇರೆ ದೇಶಗಳಲ್ಲಿ ಸರಿಯಾಗಿ ಚಿಕಿತ್ಸೆ ಪಡೆಯುವವರಿಗೆ ಹಣ ಕೊಡುತ್ತಾರಂತೆ. ನಾನೂ ತಿಂಗಳಿಗೆ 500 ರೂಪಾಯಿ ಕೊಡಲಾ? ನಮ್ಮ ಯಜಮಾನರು ‘ಅವನ ಜೀವ ಉಳಿಸಿಕೊಳ್ಳೋಕೆ ಅವನಿಗೇ ಲಂಚವಾ’ ಅನ್ನುತ್ತಾರೆ.
– ಒಬ್ಬ ಅಕ್ಕ, ಕೊಪ್ಪಳ ಜಿಲ್ಲೆ

ಉತ್ತರ: ಕೊಡಿ ಅಕ್ಕ. ಇದು ಲಂಚ ಅಲ್ಲ. ಎಚ್‌ಐವಿಗೆ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ 2004ರಿಂದಲೂ ಮಾತ್ರೆ ಉಚಿತ, ನಿಜ. ಅಲ್ಲಿಗೆ ಹೋಗಿ ಬರುವುದು ಉಚಿತ ಅಲ್ವಲ್ಲ. ಬಸ್ ಚಾರ್ಜು, ಎರಡು ದಿನದ ಕೂಲಿ, ರಜೆ ಯಾಕೆ ಅಂತ ಮಾಲೀಕರಿಗೆ ಪ್ರತಿ ಸಲ ಹೇಳಬೇಕಾದ ಸುಳ್ಳು, ಎಲ್ಲವೂ ಅವನ ತಲೆ ಮೇಲೆಯೇ.

ಟಾಂಜಾನಿಯಾದ ಶಿನ್ಯಾಂಗಾದಲ್ಲಿ ಹೊಸದಾಗಿ ಮಾತ್ರೆ ಶುರು ಮಾಡಿದ 530 ಜನರನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಹಣ ಇಲ್ಲ, ಇನ್ನೊಂದಕ್ಕೆ ತಿಂಗಳಿಗೆ 10,000 ಶಿಲಿಂಗ್ (ಅಲ್ಲಿನ ಹಣ), ಮತ್ತೊಂದಕ್ಕೆ 22,500. ಅದೂ ಕ್ಲಿನಿಕ್‌ಗೆ ಬಂದರೆ ಮಾತ್ರ. ಆರು ತಿಂಗಳಾದ ಮೇಲೆ ಚಿಕಿತ್ಸೆ ಬಿಡದೆ, ವೈರಸ್ ಹತೋಟಿಗೆ ಬಂದವರು ಈ ಮೂರು ಗುಂಪುಗಳಲ್ಲಿ ಕ್ರಮವಾಗಿ ನೂರಕ್ಕೆ 73, 83, 86. ಚಿಕ್ಕ ಮೊತ್ತವೇ ಎಷ್ಟು ಕೆಲಸ ಮಾಡಿದೆ ನೋಡಿ! 2020ರಲ್ಲಿ ಪ್ರಕಟವಾದ ಲೆಕ್ಕ ಇದು.

ಆದರೆ ಚೆನ್ನೈನದು ಬೇರೆ ಕಥೆ. ಅಲ್ಲಿ ಮಾದಕವಸ್ತು ಬಳಸುವ, ಎಚ್‌ಐವಿ ಇರುವ 120 ಜನರಲ್ಲಿ ಕೆಲವರಿಗೆ ವೋಚರ್ ಕೊಟ್ಟರು. ಅವರು ಆಸ್ಪತ್ರೆಗೆ ಬರುವುದು ಜಾಸ್ತಿ ಆಯಿತು, ವೈರಸ್ ಹತೋಟಿಯಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ನಿಮ್ಮ ತಮ್ಮನ ಬಗ್ಗೆ ಇರುವ ಅನುಮಾನವೂ ಇದೇ. ನಿಮ್ಮ 500 ರೂಪಾಯಿ ಬಸ್ಸಿಗಾಗುತ್ತದೆ, ಆದರೆ ರೂಮಿನಲ್ಲಿ ನಾಲ್ಕು ಜನರ ಎದುರು ಮಾತ್ರೆ ಡಬ್ಬಿ ತೆಗೆಯಲು ಅವನಿಗೆ ಭಯವಿದ್ದರೆ, ಅಥವಾ ಮಾತ್ರೆ ತಗೊಂಡರೆ ತಲೆ ಸುತ್ತುತ್ತಿದ್ದರೆ, ಅದಕ್ಕೆ ದುಡ್ಡು ಏನು ಮಾಡೀತು? ಬೈಯದೆ, ಯಾಕೆ ಬಿಟ್ಟೆ ಅಂತ ಸುಮ್ನೆ ಕೇಳಿ. ಉತ್ತರ ಬರಲು ಎರಡು ಮೂರು ಫೋನ್ ಆಗಬಹುದು.

ಇನ್ನೊಂದು ಮಾತು, ಇದೇ ಮುಖ್ಯ. ಅವನು ಕೊಪ್ಪಳಕ್ಕೇ ಬರಬೇಕೆಂದಿಲ್ಲ. ಚಿಕಿತ್ಸೆಯನ್ನು ಬೆಂಗಳೂರಿನ ಎಆರ್‌ಟಿ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಕೌನ್ಸೆಲರ್ ಹತ್ತಿರ ಅವನೇ ಕೇಳಲಿ, ಅವನ ಒಪ್ಪಿಗೆ ಇಲ್ಲದೆ ನೀವು ಹೋಗಿ ಮಾತಾಡಬೇಡಿ. ಎರಡು ತಿಂಗಳು ಮಾತ್ರೆ ಬಿಟ್ಟಿದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಲಿ. ಮಾತಾಡಲು ಹಿಂಜರಿಕೆ ಇದ್ದರೆ 1097ಕ್ಕೆ ಫೋನ್ ಮಾಡಲಿ, ಅದು ಉಚಿತ ಸಹಾಯವಾಣಿ. ಈ ತಿಂಗಳ 500 ರೂಪಾಯಿಯನ್ನಂತೂ ಇವತ್ತೇ ಕಳಿಸಿಬಿಡಿ, ಹೋಗಿ ಬಂದೆಯಾ ಅಂತ ಲೆಕ್ಕ ಕೇಳಬೇಡಿ.