ಮರೆವಿನ ಕಾಯಿಲೆ ಇರುವ ಅತ್ತೆಗೆ ಗೊಂಬೆ ಕೊಡಬಹುದಾ? ಅವಮಾನ ಆಗಲ್ವಾ?

ಮಂಡ್ಯದಲ್ಲಿ ಅತ್ತೆಯನ್ನು ನೋಡಿಕೊಳ್ಳುತ್ತಿದ್ದೀರಿ. ಸಂಜೆಯಾದರೆ ಅವರು "ಮಗು ಅಳ್ತಿದೆ, ಮನೆಗೆ ಹೋಗಬೇಕು" ಅಂತ ಬಾಗಿಲು ಬಡಿಯುತ್ತಾರೆ. ಗೊಂಬೆ ಕೊಟ್ಟು ನೋಡಿ ಅಂತ ಯಾರೋ ಹೇಳಿದ್ದಾರೆ, ನಿಮಗೆ ಮನಸ್ಸು ಒಪ್ಪುತ್ತಿಲ್ಲ. ಕೊಡಬಹುದು. ಕೈಗೆ ತುರುಕಬೇಡಿ ಅಷ್ಟೆ.

ಮೈಸೂರಿನಲ್ಲಿ ನಮ್ಮ ಅಮ್ಮನಿಗೂ ಅಲ್ಝೈಮರ್ ಇತ್ತು. ಒಂದು ಬಟ್ಟೆ ಗೊಂಬೆಯನ್ನು ಟವೆಲ್ಲಿನಲ್ಲಿ ಸುತ್ತಿ ದಿವಾನದ ಮೇಲೆ ಇಟ್ಟಿದ್ದೆ, ಏನೂ ಹೇಳಿರಲಿಲ್ಲ. ಶುರುವಿನಲ್ಲಿ ಅವರು ತಿರುಗಿಯೂ ನೋಡಲಿಲ್ಲ. ಆಮೇಲೆ ಒಂದು ಸಂಜೆ ತಾವೇ ಎತ್ತಿಕೊಂಡು, "ಇದರ ತಲೆಗೆ ಯಾರೂ ಎಣ್ಣೆ ಹಚ್ಚಿಲ್ವಲ್ಲ" ಅಂತ ನನಗೇ ಬೈದರು. ಎಣ್ಣೆ ಬಟ್ಟಲು ತಂದುಕೊಟ್ಟೆ. ಮಾಡಲು ಒಂದು ಕೆಲಸ ಸಿಕ್ಕಿತು, ಬಾಗಿಲ ಹತ್ತಿರ ಹೋಗುವುದು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ.

ಭಯವಾದಾಗ ನಮ್ಮವರನ್ನು ಹುಡುಕಿಕೊಂಡು ಹೋಗುವುದು ಮನುಷ್ಯರ ಸ್ವಭಾವ ಅಂತ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಮಕ್ಕಳ ವಿಷಯದಲ್ಲಿ ಹೇಳಿದ್ದರು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವವರು ಎಂದೋ ತೀರಿಕೊಂಡ ಅಪ್ಪ ಅಮ್ಮನನ್ನು ಕೇಳುವುದೂ ಇದೇ ಅಂತ ನೆದರ್‌ಲ್ಯಾಂಡ್ಸಿನ ಮನಶ್ಶಾಸ್ತ್ರಜ್ಞ ಬೆರ್ ಮೀಸೆನ್ ಗುರುತಿಸಿದರು. ಗೊಂಬೆ ಆ ಚಡಪಡಿಕೆಗೆ ಒಂದು ಆಸರೆ. ಇದರ ಬಗ್ಗೆ ನಡೆದ ಅಧ್ಯಯನಗಳು ಬಹುಪಾಲು ಚಿಕ್ಕವು, ವೃದ್ಧಾಶ್ರಮಗಳಲ್ಲಿ ನಡೆದವು. ಕೆಲವರಲ್ಲಿ ಗಲಾಟೆ ತಗ್ಗಿದೆ, ಮಾತು ಹೆಚ್ಚಿದೆ. ಮರೆವು ವಾಸಿಯಾಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಅವಮಾನದ ಮಾತು. ಅದು ಗೊಂಬೆಯಿಂದ ಬರುವುದಲ್ಲ, ನೋಡುವವರಿಂದ ಬರುವುದು. ನವರಾತ್ರಿಗೆ ಗೊಂಬೆ ನೋಡಲು ಬಂದವರೊಬ್ಬರು ಅಮ್ಮನ ಮಡಿಲು ನೋಡಿ, "ಇದೂ ಪಟ್ಟದ ಗೊಂಬೆನಾ?" ಅಂತ ನಕ್ಕರು. ಅಮ್ಮನ ಮುಖ ಬಾಡಿತು. ಹೆಸರು ಮರೆತವರಿಗೆ ನಗು ಗೊತ್ತಾಗಲ್ಲ ಅಂತ ಇಲ್ಲವಲ್ಲ. ಅದಕ್ಕೇ ಮನೆಗೆ ಬರುವವರಿಗೆ ಮೊದಲೇ ಹೇಳಿಡಿ. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುವುದು ಬೇಡವೇ ಬೇಡ. ನನ್ನ ಅನುಭವದಲ್ಲಿ ಅಮ್ಮನಿಗಿಂತ ನೆಂಟರನ್ನು ಒಪ್ಪಿಸುವುದೇ ಜಾಸ್ತಿ ಕಷ್ಟ.

ಅತ್ತೆ "ಪಾಪು" ಅಂದರೆ ನೀವೂ ಪಾಪು ಅನ್ನಿ, "ಗೊಂಬೆ" ಅಂದರೆ ಗೊಂಬೆ. ನಿಜವಾದ ಮಗುನಾ ಅಂತ ಕೇಳಿದರೆ ಆಣೆ ಹಾಕಲು ಹೋಗಬೇಡಿ. "ನಿಮಗೇನು ಅನ್ನಿಸುತ್ತೆ ಅತ್ತೆ?" ಅಂತ ಕೇಳಿ, ಅವರ ದಾರಿಯಲ್ಲೇ ಮಾತಾಡಿ. ಗೊಂಬೆ ಒಗೆಯಬೇಕಾದರೆ ಅವರು ಮಲಗಿದಾಗ ಒಗೆಯಿರಿ, ಎಚ್ಚರ ಇರುವಾಗ ಕಾಲು ಹಿಡಿದು ಎತ್ತಬೇಡಿ.

ಮೈ ಮೆತ್ತಗಿದ್ದು, ತೋಳಲ್ಲಿ ಹಿಡಿದರೆ ಸ್ವಲ್ಪ ತೂಕ ಅನ್ನಿಸುವ ಗೊಂಬೆ ಒಳ್ಳೆಯದು. ಚನ್ನಪಟ್ಟಣದ ಮರದ ಗೊಂಬೆ ಚೆನ್ನಾಗಿರುತ್ತೆ, ಅಪ್ಪಿಕೊಳ್ಳಲು ಆಗಲ್ಲ. ಬ್ಯಾಟರಿ ಹಾಕಿದರೆ ಅಳುವಂಥದ್ದು ಬೇಡ, ಅವರೂ ಗಾಬರಿಯಾಗುತ್ತಾರೆ. ಕಿತ್ತು ಬಾಯಿಗೆ ಹಾಕಿಕೊಳ್ಳಬಹುದಾದ ಗುಂಡಿ, ಮಣಿ ಇರಬಾರದು.

ಹಿಂದೆ ಮಗು ಕಳೆದುಕೊಂಡವರಾದರೆ ತುಂಬಾ ಹುಷಾರು, ಆ ನೋವು ಮತ್ತೆ ಎದ್ದು ಬರಬಹುದು. ಅತ್ತು ಕೂತರೆ ಗೊಂಬೆಯನ್ನು ಸುಮ್ನೆ ಬೀರುವಿನಲ್ಲಿಡಿ. ಊಟದ ಹೊತ್ತಿನಲ್ಲೂ ಕಣ್ಣಿಡಿ. ತಮ್ಮ ತಟ್ಟೆಯದನ್ನು "ಮಗು"ವಿಗೇ ತಿನ್ನಿಸಿ ತಾವು ಉಪವಾಸ ಇರುವವರಿದ್ದಾರೆ. ಗೊಂಬೆ ಎತ್ತಿಕೊಂಡು ಬಚ್ಚಲಿಗೆ, ಮೆಟ್ಟಿಲಿಗೆ ಹೋದರೆ ಹಿಡಿದುಕೊಳ್ಳಲು ಕೈ ಖಾಲಿ ಇರಲ್ಲ, ಜೊತೆಗಿರಿ.

ಇಷ್ಟಕ್ಕೂ ಮೊದಲು ಒಂದು ವಿಷಯ ನೋಡಿ. ಈ ಗಲಾಟೆ ಇದ್ದಕ್ಕಿದ್ದಂತೆ ಶುರುವಾಯಿತಾ? ಹಾಗಿದ್ದರೆ ಗೊಂಬೆ ಆಮೇಲೆ, ಡಾಕ್ಟರ್ ಮೊದಲು. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು, ಹೊಸ ಮಾತ್ರೆ, ಇವುಗಳಿಂದಲೂ ಹೀಗಾಗುತ್ತೆ, ಅವರಿಗೆ ಹೇಳಲು ಬರಲ್ಲ. ನೋಡಿಕೊಂಡು ನೋಡಿಕೊಂಡು ನಿಮಗೇ ಸಾಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.