ಬರ್ಲಿನ್‌ನಲ್ಲಿ ಗೇಟಿಲ್ಲ, ಕಂಡಕ್ಟರ್ ಇಲ್ಲ, ಆದ್ರೆ ಫೈನ್ ಇದೆ

ಪ್ರಶ್ನೆ: ಮಗಳು ಬರ್ಲಿನ್‌ನಲ್ಲಿ ಕೆಲಸದಲ್ಲಿದ್ದಾಳೆ, ನಾನೂ ನಮ್ಮನೆಯವರೂ ಬೇಸಿಗೆಗೆ ಹೋಗ್ತಿದೀವಿ. ಅವಳು ಆಫೀಸಿಗೆ ಹೋದ್ಮೇಲೆ ನಾವಿಬ್ರೇ ಊರು ಸುತ್ತಬೇಕು. ಅಲ್ಲಿ ಸ್ಟೇಷನ್‌ನಲ್ಲಿ ಗೇಟೇ ಇರಲ್ವಂತೆ, ಯಾರೂ ಕೇಳಲ್ವಂತೆ, ಹೌದಾ? ಸೀನಿಯರ್ ಸಿಟಿಜನ್‌ಗೆ ಏನಾದ್ರೂ ರಿಯಾಯ್ತಿ?
– ನಿವೃತ್ತ ಮೇಷ್ಟ್ರು, ಹಾಸನ

ಉತ್ತರ: ಗೇಟ್ ಇರಲ್ಲ ಅನ್ನೋದು ನಿಜ ಮೇಷ್ಟ್ರೇ, ಯಾರೂ ಕೇಳಲ್ಲ ಅನ್ನೋದು ಮಾತ್ರ ಸುಳ್ಳು. ನಮ್ಮ ಮೆಟ್ರೋದಲ್ಲಿ ಟೋಕನ್ ಇಲ್ದೆ ಗೇಟೇ ತೆರೆಯಲ್ಲ, ಅಲ್ಲಿ ಸೀದಾ ಮೆಟ್ಟಿಲಿಳಿದು ರೈಲು ಹತ್ತಬಹುದು. ಆಮೇಲೆ ನಿಮ್ಮ ಪಕ್ಕದಲ್ಲೇ ಜೀನ್ಸ್ ಹಾಕ್ಕೊಂಡು ಮೊಬೈಲ್ ನೋಡ್ತಾ ನಿಂತಿದ್ದ ಹುಡುಗ, ಬಾಗಿಲು ಮುಚ್ಚಿದ ತಕ್ಷಣ ಕಾರ್ಡ್ ತೆಗೆದು "ಫಾರ್‌ಶೈನೆ ಬಿಟ್ಟೆ" ಅಂತಾನೆ, ಅಂದ್ರೆ ಟಿಕೆಟ್ ತೋರ್ಸಿ ಅಂತ. ಇಲ್ದಿದ್ರೆ 60 ಯೂರೋ ಫೈನ್, ನಮ್ಮ ದುಡ್ಡಲ್ಲಿ ಆರು ಸಾವಿರಕ್ಕೂ ಮೇಲೆ. ವಯಸ್ಸಾದೋರು, ಹೊಸಬರು, ಭಾಷೆ ಬರಲ್ಲ ಅಂದ್ರೆ ಬಿಟ್ಬಿಡ್ತಾರೆ ಅಂತ ನೆಚ್ಕೊಂಡು ಹೋಗ್ಬೇಡಿ.

ನಮ್ಮೋರು ಸಿಕ್ಕಿಹಾಕ್ಕೊಳ್ಳೋದು ಟಿಕೆಟ್ ಇಲ್ದೆ ಅಲ್ಲ, ದುಡ್ಡು ಕೊಟ್ಟು ಟಿಕೆಟ್ ತಗೊಂಡೂನೇ. ಮೆಷಿನ್‌ನಿಂದ ಬರೋ ಕಾಗದದ ಟಿಕೆಟ್‌ಗೆ ಸ್ಟ್ಯಾಂಪ್ ಬೀಳೋ ತನಕ ಅದಕ್ಕೆ ಬೆಲೆ ಇಲ್ಲ. ಪ್ಲಾಟ್‌ಫಾರಂನಲ್ಲೇ ಸೊಂಟದೆತ್ತರಕ್ಕೆ ಒಂದು ಕೆಂಪು ಇಲ್ಲಾ ಹಳದಿ ಡಬ್ಬಿ ಇರುತ್ತೆ, ಟಿಕೆಟ್ ತುದಿ ಅದರ ಸೀಳಿಗೆ ತೂರಿಸಿದ್ರೆ ಕಟಕ್ ಅಂತ ತಾರೀಖು, ಟೈಮು ಅಚ್ಚಾಗುತ್ತೆ, ಅದನ್ನ ಕಣ್ಣಾರೆ ನೋಡಿಯೇ ರೈಲು ಹತ್ತಿ. ಬಸ್ಸಲ್ಲಾದ್ರೆ ಡಬ್ಬಿ ಒಳಗಡೆ ಇರುತ್ತೆ. ಚೆಕಿಂಗ್‌ನವರು ಬಂದ್ಮೇಲೆ ಡಬ್ಬಿ ಹುಡುಕಿದ್ರೆ ಒಪ್ಪಲ್ಲ. ಮೊಬೈಲ್ ಆ್ಯಪ್‌ನಲ್ಲಿ ತಗೊಂಡ್ರೆ ಸ್ಟ್ಯಾಂಪ್ ರಗಳೆ ಇಲ್ಲ, ಆದ್ರೆ ಹತ್ತೋಕೆ ಮುಂಚೆನೇ ತಗೋಬೇಕು, ಫೋನಲ್ಲಿ ಚಾರ್ಜೂ ಇರ್ಬೇಕು.

ಇನ್ನು ಝೋನು. ಊರನ್ನ ಎ, ಬಿ, ಸಿ ಅಂತ ಮೂರು ಮಾಡಿದಾರೆ, ಸುತ್ತು ರೈಲಿನ ಒಳಗಿರೋದು ಎ, ಅಲ್ಲಿಂದ ಊರ ಗಡಿ ತನಕ ಬಿ, ಅದರಾಚೆ ಸಿ. ಊರೊಳಗೆ ಓಡಾಡೋಕೆ ಎಬಿ ಟಿಕೆಟ್ ಸಾಕು. ಆದ್ರೆ ನೀವು ಇಳಿಯೋ ಏರ್‌ಪೋರ್ಟ್ ಸಿ ಒಳಗಿದೆ, ಅರಮನೆ ನೋಡೋಕೆ ಎಲ್ಲರೂ ಹೋಗೋ ಪಾಟ್ಸ್‌ಡಾಮ್ ಕೂಡ ಅಷ್ಟೆ, ಹಾಗಾಗಿ ಮೊದಲನೇ ಟಿಕೆಟ್ಟೇ ಎಬಿಸಿ ತಗೊಳ್ಳಿ. ಮಗಳು ಕರ್ಕೊಂಡು ಹೋಗೋಕೆ ಬಂದ್ರೆ ಈ ತಲೆನೋವು ಅವಳದ್ದು.

ಸಿಂಗಲ್ ಟಿಕೆಟ್ 2 ಗಂಟೆ ನಡೆಯುತ್ತೆ, ಅಷ್ಟರಲ್ಲಿ ಬಸ್ಸು, ಟ್ರಾಮು, ರೈಲು ಎಷ್ಟು ಬದಲಾಯಿಸಿದ್ರೂ ಸರಿ, ಆದ್ರೆ ಹೋದ ದಾರಿಲೇ ವಾಪಸ್ ಬರೋ ಹಾಗಿಲ್ಲ, ಸುತ್ತು ಹೊಡೆಯೋ ಹಾಗೂ ಇಲ್ಲ. ನೀವು ಸುತ್ತೋಕೇ ಹೋಗ್ತಿರೋದು, ಅದಕ್ಕೆ 24 ಗಂಟೆ ಟಿಕೆಟ್ ವಾಸಿ. ಅದು ಕೈಲಿದ್ರೆ ಎಸ್ 41 ಅನ್ನೋ ಆ ಸುತ್ತು ರೈಲು ಹತ್ತಿ ಕಿಟಕಿ ಪಕ್ಕ ಕೂತ್ಕೊಳ್ಳಿ, 37 ಕಿಲೋಮೀಟರ್ ಸುತ್ತು, ಒಂದು ಗಂಟೆಗೆ ಹತ್ತಿದ ಜಾಗಕ್ಕೇ ತಂದು ಬಿಡುತ್ತೆ. ಆಮೇಲೆ ಊರ ನಡುವಿನ ಅಲೆಕ್ಸಾಂಡರ್‌ಪ್ಲಾಟ್ಸ್ ಚೌಕದಲ್ಲಿ 100ನೇ ನಂಬರ್ ಬಸ್ಸು, ಡಬಲ್ ಡೆಕ್ಕರ್ ಬಂದ್ರೆ ಮೇಲ್ಗಡೆ ಮುಂದಿನ ಸೀಟು ಹಿಡೀರಿ, ಟೂರಿಸ್ಟ್ ಬಸ್ಸಿಗೆ ದುಡ್ಡು ಸುರಿಯೋ ಅಗತ್ಯನೇ ಇಲ್ಲ.

ರಿಯಾಯ್ತಿ ಕೇಳಿದ್ರಿ. ಸಿಂಗಲ್ ಟಿಕೆಟ್‌ನಲ್ಲಿ ಕಡಿಮೆ ದರ ಇರೋದು 6ರಿಂದ 14 ವರ್ಷದ ಮಕ್ಕಳಿಗೆ, ಹಿರಿಯರಿಗಿಲ್ಲ. ಹಾಂ, ರೈಲಿನ ಬಾಗಿಲು ತಾನಾಗೇ ತೆರೆಯುತ್ತೆ ಅಂತ ಕಾಯ್ತಾ ನಿಲ್ಬೇಡಿ, ಬಟನ್ ಒತ್ತಬೇಕು.

ಪ್ರಶ್ನೆ: ಪ್ರಾಜೆಕ್ಟ್ ಮ್ಯಾಲೆ ಎರಡು ತಿಂಗಳು ಜರ್ಮನಿಗೆ ಹೊಂಟೀನ್ರಿ. ಇಡೀ ದೇಶಕ್ಕ ಒಂದ ಪಾಸ್ ಐತಿ ಅಂತಾರ, ತಗೋಬೇಕೋ ಬ್ಯಾಡೋ?
– ಓದುಗಿ, ಹುಬ್ಬಳ್ಳಿ

ಉತ್ತರ: ತಗೊಳ್ರಿ. ಡಾಯ್ಚ್‌ಲಾಂಡ್ ಟಿಕೆಟ್ ಅಂತಾರೆ, 2023ರ ಮೇನಲ್ಲಿ ತಿಂಗಳಿಗೆ 49 ಯೂರೋಗೆ ಶುರುವಾಯ್ತು, 2025ಕ್ಕೆ 58 ಆಯ್ತು, 2026ರ ಜನವರಿಯಿಂದ 63. ದಿನಾ ಆಫೀಸಿಗೆ ಓಡಾಡೋರಿಗೆ ಈಗ್ಲೂ ಲಾಭಾನೇ, ಶನಿವಾರ ಭಾನುವಾರ ಬೇರೆ ಊರಿಗೆ ಲೋಕಲ್ ರೈಲಲ್ಲಿ ಹೋದ್ರೂ ಇದೇ ನಡೆಯುತ್ತೆ. ಐಸಿಇ ಥರದ ಫಾಸ್ಟ್ ರೈಲಿಗೆ ನಡೆಯಲ್ಲ, ಅದಕ್ಕೆ ಬೇರೆ ಟಿಕೆಟ್. ಪಾಸ್ ಲೆಕ್ಕ ತಿಂಗಳ 1ನೇ ತಾರೀಖಿನಿಂದ, ನೀವು 20ಕ್ಕೆ ಇಳಿದ್ರೆ ಆ ತಿಂಗಳಿಗೆ ಬಿಡಿ ಟಿಕೆಟ್ಟೇ ಸಾಕಾಗಬಹುದು. ನಿಮ್ಮ ಹೆಸರಲ್ಲಿರುತ್ತೆ, ರೂಮ್‌ಮೇಟ್‌ಗೆ ಕೊಡೋ ಹಾಗಿಲ್ಲ, ಜೊತೆಗೆ ಪಾಸ್‌ಪೋರ್ಟ್ ಇಟ್ಕೊಂಡಿರಿ. ಮುಖ್ಯ ವಿಷಯ, ಇದು ಸಬ್‌ಸ್ಕ್ರಿಪ್ಷನ್, ತಿಂಗಳು ಮುಗೀತು ಅಂತ ತಾನಾಗೇ ನಿಲ್ಲಲ್ಲ. ವಾಪಸ್ ಬರೋ ತಿಂಗಳ 10ನೇ ತಾರೀಖಿನೊಳಗೆ ಕ್ಯಾನ್ಸಲ್ ಮಾಡಿ, ಮರೆತ್ರೆ ಹುಬ್ಬಳ್ಳಿಲಿ ಕೂತ್ಕೊಂಡು ಇನ್ನೊಂದು ತಿಂಗಳ ದುಡ್ಡು ಕಟ್ತೀರಿ.