ಪೊದ್ರಿಯಾ, ಪೊದ್ರಿಯಾಸ್, ಪೊದ್ರಿಯಾ...

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. 'ಪೊದೆರ್' ಅನ್ನೋ ಕ್ರಿಯಾಪದದ 'ಕಂಡಿಷನಲ್' ರೂಪಗಳನ್ನು ಟೀಚರ್ ದಿನಾ ಬರೆಸುತ್ತಾರೆ. ಕೇಳುತ್ತಾ ಬರುವ ಭಾಷೆಗೆ ಈ ಗಿಳಿಪಾಠ ಯಾಕೆ?"

ಉತ್ತರ: ಕೇಳದೆ ಯಾವ ಭಾಷೆಯೂ ಬರುವುದಿಲ್ಲ, ಒಪ್ಪಿದೆ. ಆದರೆ ಆ ಟೀಚರಿಗೆ ನನ್ನದೊಂದು ನಮಸ್ಕಾರ ತಿಳಿಸಿ.

ಪೊದೆರ್ ಅಂದರೆ 'ಆಗು, ಸಾಧ್ಯವಾಗು'. ಅದರ 'ಕಂಡಿಷನಲ್', ಅಂದರೆ 'ಆದೀತು, ಆಗುತ್ತಿತ್ತು' ಎನ್ನುವ ರೂಪಗಳು, ನಾನು, ನೀನು, ಅವನು, ನಾವು, ನೀವು, ಅವರು ಎಂಬ ಕ್ರಮದಲ್ಲಿ: ಪೊದ್ರಿಯಾ, ಪೊದ್ರಿಯಾಸ್, ಪೊದ್ರಿಯಾ, ಪೊದ್ರಿಯಾಮೋಸ್, ಪೊದ್ರಿಯಾಯ್ಸ್, ಪೊದ್ರಿಯಾನ್. ಇಷ್ಟೇ. ಈ ಬಾಲಗಳು ಆ ಭಾಷೆಯ ಎಲ್ಲ ಕ್ರಿಯಾಪದಕ್ಕೂ ಒಂದೇ. ಒಮ್ಮೆ ಬಾಯಿಗೆ ಬಂದರೆ ಸಾವಿರಾರು ಪದ ಕೈಗೆ ಸಿಕ್ಕಂತೆ. ಇದು ದಂಡದ ಕೆಲಸವೇ, ಹೇಳಿ?

ನಾನೂ ಹಿಂದೆ ಒಂದು ಸಂಜೆ ತರಗತಿಗೆ ಹೋಗುತ್ತಿದ್ದೆ. ಅಲ್ಲಿ ಪಟ್ಟಿ ಇರಲಿಲ್ಲ, ಬರೀ ಸಿದ್ಧ ವಾಕ್ಯಗಳು. ಒಮ್ಮೆ ಸ್ಪೇನಿನ ಹಿರಿಯ ಮಹಿಳೆಯೊಬ್ಬರು ಊಟಕ್ಕೆ ಕರೆದರು. 'ಬರಬಹುದೇನೋ, ನೋಡೋಣ' ಎನ್ನಲು 'ಪೊದ್ರಿಯಾಮೋಸ್' ಬೇಕಿತ್ತು. ನನಗೆ ಬಂದಿದ್ದು 'ಪೊದೆಮೋಸ್', ಅಂದರೆ 'ಬರಬಹುದು, ಆಗುತ್ತೆ'. ನಾವು ಹೋಗಲಾಗಲಿಲ್ಲ. ಅವರು ಅಡುಗೆ ಮಾಡಿಟ್ಟು ಕಾದಿದ್ದರು. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಅಪರಿಚಿತರಿಗೆ 'ಕಿಟಕಿ ಮುಚ್ಚುತ್ತೀರಾ' ಎನ್ನುವಾಗಲೂ 'ಪುಎದೆ' (ಆಗುತ್ತದೆಯೇ) ಬದಲು 'ಪೊದ್ರಿಯಾ' ಎಂದರೆ ಮಾತು ಮೆತ್ತಗಾಗುತ್ತದೆ. ವೆನೆಜುವೆಲಾದ ಆಂದ್ರೆಸ್ ಬೆಯ್ಯೊ 1847ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಈ ರೂಪಕ್ಕೆ ಕೊಟ್ಟ ಹೆಸರು 'ಪೊಸ್‌ಪ್ರೆತೆರಿತೊ', ಭೂತದ ನಂತರದ್ದು. 'ನಾಳೆ ಬರುತ್ತೇನೆ' ಎಂದು ಅವನು ನಿನ್ನೆ ಹೇಳಿದ್ದನ್ನು ಇವತ್ತು ಹೇಳುವಾಗ 'ಬರು' ಎಂಬ ಕ್ರಿಯಾಪದದ ಇದೇ ರೂಪ 'ವೆಂದ್ರಿಯಾ' ಬರುತ್ತದೆ. ಹಿಂದೆ ನಿಂತು ಮುಂದೆ ನೋಡುವುದು. ಎಂಥ ಚೆಂದದ ಹೆಸರು!

ಒಂದು ಎಚ್ಚರಿಕೆ. 'ಆಗಿದ್ದರೆ ಹೋಗುತ್ತಿದ್ದೆ' ಎನ್ನುವಾಗ, 'ಸಿ' (ನಮ್ಮ 'ಆದರೆ, ಹೋದರೆ'ಯಲ್ಲಿನ '-ರೆ') ಆದ ಮೇಲೆ 'ಪೊದ್ರಿಯಾ' ಬರಬಾರದು. 'ಸಿ ಪುದಿಯೆರಾ, ಇರಿಯಾ' ಎನ್ನಬೇಕು. ಉತ್ತರ ಸ್ಪೇನಿನ ಬುರ್ಗೋಸ್, ಬಿಲ್ಬಾವೊ ಕಡೆಯ ಜನ ಮನೆಯಲ್ಲಿ 'ಸಿ ಪೊದ್ರಿಯಾ' ಎನ್ನುತ್ತಾರೆ. ಅವರ ಮಾತು ಅವರಿಗೆ ಸಹಜ, ಆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಬರೀ ಕಿವಿ ನಂಬಿದರೆ ಹೀಗಾಗುತ್ತದೆ, ಅಲ್ವಾ?

ನಮ್ಮಲ್ಲಿ ಮಗ್ಗಿ ಹೋಯಿತು, ಪದ್ಯ ಬಾಯಿಪಾಠ ಹೋಯಿತು. ಎಲ್ಲಕ್ಕೂ 'ಮಕ್ಕಳಿಗೆ ಹೊರೆ' ಅಂದೆವು. 'ಬಂದಾನು', 'ಆದೀತು', 'ಮಾಡಿಯಾಳು' ಎಂಬ ನಮ್ಮದೇ ಅನುಮಾನದ ರೂಪಗಳೂ ಪತ್ರಿಕೆಗೆ ಬರುವ ಬರಹಗಳಲ್ಲಿ ಅಪರೂಪವಾಗುತ್ತಿವೆ. ಎಲ್ಲದಕ್ಕೂ 'ಬರಬಹುದು', 'ಆಗಬಹುದು'. 'ಮಳೆ ಬಂದೀತು' ಎಂದಾಗಿನ ಆ ಸಣ್ಣ ಅಳುಕು 'ಬರಬಹುದು'ನಲ್ಲಿ ಎಲ್ಲಿದೆ? ಅಂಥ ಒಂದು ಪದ ಕಂಡರೆ ನಾನು ತಿದ್ದದೆ ಹಾಗೇ ಬಿಡುತ್ತೇನೆ.

ಮಗಳಿಗೆ ಬೇಸರವಾದರೆ ಬರೆಯುವುದು ಬೇಡ, ಜಡೆ ಹೆಣೆಯುವಾಗ ಜೋರಾಗಿ ಹೇಳಿಸಿ. ಪೊದೆರ್ ಮುಗಿದ ಮೇಲೆ ತೆನೆರ್ (ಹೊಂದಿರು) ಹಿಡಿಯಲಿ: ತೆಂದ್ರಿಯಾ, ತೆಂದ್ರಿಯಾಸ್...